ಪೆನ್ಸಿಲಿನಲ್ಲಿ ಬರೆದ ಕಿವಿಗಳು

ಮಾರ್ಲಿಸ್ ಗ್ರೂನ್ ಯಾರನ್ನೂ ಸುಲಭವಾಗಿ ನಂಬುವ ಹೆಂಗಸಲ್ಲ. ವಿಸ್ಕಾನ್ಸಿನ್‌ನ ಲಿಂಡೆನ್ ಫಾಲ್ಸ್ ಊರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷದಿಂದ ತಂತಿವಾದ್ಯಗಳ ಆರ್ಕೆಸ್ಟ್ರಾ ನಡೆಸಿಕೊಂಡು ಬಂದವಳು. ಅಷ್ಟು ಕಾಲ ಹದಿಹರೆಯದ ಮಕ್ಕಳ ಜೊತೆ ಏಗಿದವರಿಗೆ ಗುಮಾನಿ ಎನ್ನುವುದು ಕೆಟ್ಟ ಗುಣವಲ್ಲ, ಕಸುಬಿನ ಹತಾರ. ಮನೆಯಲ್ಲಿ ವಾರಕ್ಕೆ ಎಷ್ಟು ನಿಮಿಷ ಅಭ್ಯಾಸ ಮಾಡಿದೆವೆಂದು ಮಕ್ಕಳು ಒಂದು ಕಾರ್ಡಿನಲ್ಲಿ ಬರೆದು, ಅಮ್ಮನ ಸಹಿ ಹಾಕಿಸಿ ಸೋಮವಾರ ತಂದುಕೊಡಬೇಕು. ಮಾರ್ಲಿಸ್ ಒಂದು ಸಲ ಕಣ್ಣಾಡಿಸಿದರೆ ಸಾಕು, ಸಹಿ ಅಮ್ಮನದೋ ಮಗನದೋ ಹೇಳಿಬಿಡುತ್ತಿದ್ದಳು. ಆ ವಿಷಯದಲ್ಲಿ ಅವಳು ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡಿಲ್ಲ.

ಸಂಗೀತ ಅಚ್ಚು ಹಾಕಿ ಶಾಲೆಗಳಿಗೆ ಮಾರುವ ಪ್ರಕಾಶಕರನ್ನಂತೂ ಅವಳು ತಕ್ಕಡಿಯಲ್ಲಿ ಬೆರಳಿಡುವ ವ್ಯಾಪಾರಿಗಳ ಸಾಲಿಗೇ ಸೇರಿಸಿದ್ದಳು. ಪ್ರತಿ ವರ್ಷ ದಪ್ಪನೆಯ ಕ್ಯಾಟಲಾಗು ಬರುತ್ತದೆ, ಜೊತೆಗೊಂದು ಸಿ.ಡಿ. ಒಂದೊಂದು ಕೃತಿಗೂ ಒಂದರಿಂದ ಆರರವರೆಗೆ ಇಂತಿಷ್ಟು ಕಷ್ಟ ಎಂದು ದರ್ಜೆ ಕೊಟ್ಟಿರುತ್ತಾರೆ. "ಮೂರನೇ ದರ್ಜೆ ಅಂತ ಹೊರಗಡೆ ಬರೆದಿರ್ತಾರೆ, ಒಳಗಡೆ ಐದನೇದರ ಹಲ್ಲಿರುತ್ತೆ" ಎನ್ನುತ್ತಿದ್ದಳು. ಸಿ.ಡಿ.ಯಲ್ಲಿ ನುಡಿಸುವವರು ಪಳಗಿದ ಕಲಾವಿದರು. ಅವರ ಕೈಗೆ ಸಿಕ್ಕರೆ ಅಡುಗೆ ಪುಸ್ತಕವೂ ಇಂಪಾಗಿ ಕೇಳಿಸುತ್ತದೆ ಎಂಬುದು ಅವಳ ಇನ್ನೊಂದು ದೂರು. ಕ್ಯಾಟಲಾಗಿನ ಫೋಟೋದಲ್ಲಿ ಹಲ್ಲು ಕಿರಿದ ಕೃತಿಕಾರನ ಕೃತಿಯನ್ನು ಅವಳು ಎರಡು ಸಲ ಪರೀಕ್ಷೆ ಮಾಡುತ್ತಿದ್ದಳು.

ಅವಳ ಪರೀಕ್ಷೆಯಾದರೂ ಎಂಥದ್ದು? ಹೊಸ ಕೃತಿ ಕೈಗೆ ಬಂದ ಕೂಡಲೇ ಬೇರೆಲ್ಲ ಬಿಟ್ಟು ವಿಯೋಲಾದವರ ಹಾಳೆಯನ್ನು ಎಳೆದು ನೋಡುವುದು. ವಿಯೋಲಾ ಎಂದರೆ ಪಿಟೀಲಿನ ಅಕ್ಕ. ಮೈ ತುಸು ದೊಡ್ಡದು, ದನಿ ತುಸು ದಪ್ಪ. ಒಳ್ಳೊಳ್ಳೆಯ ರಾಗವೆಲ್ಲ ಪಿಟೀಲಿನ ಪಾಲಾಗಿ ಇದಕ್ಕೆ ಉಳಿಯುವುದು ನಡುನಡುವೆ ತಲೆಯಾಡಿಸುವ ಕೆಲಸ. "ವಿಯೋಲಾದವರ ಎಲೆಗೆ ಏನು ಬಡಿಸಿದಾನೆ ನೋಡಿದ್ರೆ ಸಾಕು, ಬರೆದವನ ಯೋಗ್ಯತೆ ಗೊತ್ತಾಗುತ್ತೆ." ಮಾರ್ಲಿಸ್ ಸ್ವತಃ ವಿಯೋಲಾದವಳು. ಹಾಲು ಕರೆಯುವ ಮನೆತನದ ಹುಡುಗಿ, ಹತ್ತು ವರ್ಷಕ್ಕೇ ಕೈ ಉದ್ದ ಬೆಳೆದಿತ್ತೆಂದು ಶಾಲೆಯವರು ಅವಳ ಕೈಗೆ ಅದನ್ನು ಕೊಟ್ಟರು. ಆ ಹುಡುಗಿಗೆ ಕಿವಿಗಳೂ ಅಗಲವಾಗಿ ಚಾಚಿಕೊಂಡಿದ್ದವು. ಎರಡು ಕಡೆ ಹಿಡಿಕೆಯಿರುವ ಸಕ್ಕರೆ ಬಟ್ಟಲು ಎಂದು ಮಕ್ಕಳು ಕರೆಯುತ್ತಿದ್ದರು. ಐವತ್ತೆಂಟು ತುಂಬಿದರೂ ಅದನ್ನು ಮರೆಯದೆ ಕೂದಲನ್ನು ಕಿವಿ ಮುಚ್ಚುವಂತೆಯೇ ಬಾಚುತ್ತಿದ್ದಳು.

2004ರ ಜನವರಿಯ ಒಂದು ವಾರದಲ್ಲಿ ನಡೆದ ಕಥೆ ಇದು. ಮಾರ್ಚಿನಲ್ಲಿ ಜಿಲ್ಲೆಯ ಶಾಲೆಗಳ ಸಂಗೀತ ಸ್ಪರ್ಧೆ. ಮೂರು ಜನ ತೀರ್ಪುಗಾರರು ಕೂತು ಒಂದೊಂದು ಶಾಲೆಗೂ ಅಂಕ ಕೊಡುತ್ತಾರೆ; 'ಒಂದು' ಎಂದರೆ ಎಲ್ಲಕ್ಕಿಂತ ಮೇಲು. ಮಾರ್ಲಿಸ್‌ಳ ಆರ್ಕೆಸ್ಟ್ರಾ ಸತತವಾಗಿ ಹತ್ತೊಂಬತ್ತು ವರ್ಷ 'ಒಂದು' ತಂದಿತ್ತು. ನುಡಿಸಲಿರುವ ಮೂರು ಕೃತಿಗಳ ಪಟ್ಟಿಯನ್ನು ಶುಕ್ರವಾರದೊಳಗೆ ಕಳಿಸಬೇಕು. ಎರಡು ಕೃತಿ ತೀರ್ಮಾನವಾಗಿದ್ದವು. ಮೂರನೆಯದಕ್ಕೆ ಅವಳ ಮನಸ್ಸಿನಲ್ಲಿದ್ದದ್ದು ಮಕ್ಕಳು ಅಕ್ಟೋಬರಿನಿಂದ ಅಭ್ಯಾಸ ಮಾಡುತ್ತಿದ್ದ 'ನಸುಕಿನ ನಡಿಗೆ'. ನಡುವಿನಿಂದಾಚೆ ಮೊದಲ ಪಿಟೀಲುಗಳು, ಅಂದರೆ ಮುಖ್ಯ ರಾಗ ನುಡಿಸುವ ಪಿಟೀಲಿನ ಗುಂಪಿನವರು, ಕೈಯನ್ನು ಮೇಲೆ ಮೇಲೆ ಜಾರಿಸುತ್ತ, ಅತಿ ಸಣ್ಣ ತಂತಿಯ ತುದಿಗೆ ಹೋಗಿ ತೀರ ಎತ್ತರದ ಸ್ವರಗಳಲ್ಲೇ ನಿಂತು ಹಾಡುವ ಕೃತಿ. ಹನ್ನೊಂದು ವರ್ಷದ ಹಿಂದೆ ಇದನ್ನು ಕೇಳಿ ಒಬ್ಬ ತೀರ್ಪುಗಾರ ಎದ್ದು ನಿಂತಿದ್ದನಂತೆ. ಎದ್ದು ನಿಂತದ್ದು ಬೆನ್ನುನೋವಿಗಿರಬಹುದು ಎಂಬ ಅನುಮಾನವೂ ಅವಳಿಗಿತ್ತೆನ್ನಿ.

ಅದನ್ನು ಬೇಡವೆಂದವನು ಕರ್ಟಿಸ್ ಹೋಲ್ಮ್. ಇಪ್ಪತ್ತೆಂಟರ ಹುಡುಗ, ಅವಳ ಹಳೆಯ ಶಿಷ್ಯ. ಬೆಳಿಗ್ಗೆ ಕಿರಿಯರ ಶಾಲೆಯಲ್ಲಿ ಪಾಠ ಹೇಳಿ ಮಧ್ಯಾಹ್ನ ಇವಳಿಗೆ ಸಹಾಯಕ್ಕೆ ಬರುತ್ತಿದ್ದ. ಮಾರ್ಲಿಸ್ ಇಳಿದ ದಿನ ಆ ಜಾಗ ಕರ್ಟಿಸ್‌ನದು ಎಂದು ಇಡೀ ಊರಿಗೆ ಗೊತ್ತು. ಅವಳ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು.

"ಇದನ್ನು ನೋಡಿ ಮಿಸೆಸ್ ಗ್ರೂನ್, ಚೆಲೋದವರಿಗೆ ಎಷ್ಟು ಚೆನ್ನಾಗಿದೆ" ಎಂದು ಅವನು ಸೋಮವಾರ ಒಂದು ಕೃತಿ ತಂದ. ಮಂಗಳವಾರ ಇನ್ನೊಂದು ತಂದ. ಎರಡರಲ್ಲೂ ರಾಗ ವಿಯೋಲಾದ್ದು, ಇಲ್ಲವೇ ಮೊಣಕಾಲ ನಡುವೆ ನಿಲ್ಲಿಸಿ ನುಡಿಸುವ ದಪ್ಪ ದನಿಯ ಚೆಲೋದ್ದು. ಮೊದಲ ಪಿಟೀಲುಗಳು ಕೆಳಗಿನ ತಂತಿ ಬಿಟ್ಟು ಕದಲುವಂತಿಲ್ಲ.

"ಮೊದಲ ಪಿಟೀಲಿನವರಿಗೆ ಬಾಣಂತನ ಮಾಡ್ಸೋದಕ್ಕೆ ಹೊರಟಿದ್ದೀಯಾ?" ಎಂದಳು ಮಾರ್ಲಿಸ್. "ಬಾವೊ ಅಂಥವಳು ಮೊದಲ ಕುರ್ಚಿಲಿ ಕೂತಿದಾಳೆ. ಹತ್ತು ವರ್ಷಕ್ಕೊಮ್ಮೆ ಸಿಗೋ ಹುಡುಗಿ."

"ಹಾಗಲ್ಲ... ಅವರಿನ್ನೂ ಮೇಲೆ ಅಷ್ಟು ಶುದ್ಧವಾಗಿ ನುಡಿಸ್ತಿಲ್ಲ."

"ಯಾರು ಹೇಳಿದ್ದು? ದಿನಾ ಎದುರು ನಿಂತು ಕೇಳೋಳು ನಾನು. ಬೆಣ್ಣೆ ಥರ ಬರ್ತಿದೆ."

ಕರ್ಟಿಸ್ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಹೋದ. ಬಾಯಿ ಮುಚ್ಚಿಕೊಳ್ಳುವವರ ಮೇಲೆ ಮಾರ್ಲಿಸ್‌ಗೆ ಮೊದಲಿನಿಂದಲೂ ಸಂಶಯ. ಇವನೇನು ಹುನ್ನಾರ ಹೂಡಿದ್ದಾನೆ? ಸಪ್ಪೆ ಕೃತಿ ಆರಿಸಿ 'ಎರಡು' ಬಂದರೆ, ಮುದುಕಿಗೆ ಕೈ ಸೋತಿತು, ಕಿರಿಯನಿಗೆ ಬಿಟ್ಟುಕೊಡಲಿ ಎಂದು ಜನ ಮಾತಾಡಿಕೊಳ್ಳುತ್ತಾರೆ. ಅದೇ ಬೇಕೇನೋ ಇವನಿಗೆ.

ಒಂದು ಸಲ ಅನುಮಾನದ ಬಾಗಿಲು ತೆರೆದರೆ ಮುಗಿಯಿತು. ತಾನು ಕೋಣೆಗೆ ಕಾಲಿಟ್ಟ ಕೂಡಲೇ ಮೊದಲ ಪಿಟೀಲಿನವರ ಪಿಸುಮಾತು ನಿಲ್ಲುತ್ತಿತ್ತು. ಬಾವೊ ಶ್ಯಾಂಗ್, ಪಿಟೀಲಿನವರ ಮುಂದಾಳಾಗಿ ಮೊದಲ ಕುರ್ಚಿಯಲ್ಲಿ ಕೂರುವ ಆ ಮಿತಭಾಷಿ ಹುಡುಗಿ, ಕೃತಿಯ ಕಷ್ಟದ ಜಾಗದಲ್ಲಿ ಪಿಟೀಲಿನ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದಳು. ಹಿಂದಿನವರೆಲ್ಲ ಟೀಚರನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. "ಇಲ್ಲಿ ತಾಳ ಹಾಕೋದು ಒಬ್ಬರೇ, ಬಾವೊ. ಅದು ನೀನಲ್ಲ" ಎಂದು ಮಾರ್ಲಿಸ್ ಡಿಸೆಂಬರಿನಲ್ಲಿ ಎಲ್ಲರೆದುರು ಗದರಿದ್ದಳು. ಹುಡುಗಿಯ ಮುಖ ಕೆಂಪಾಗಿತ್ತು. ಆದರೂ ಪಿಟೀಲು ಆಡಿಸುವುದು ನಿಂತಿರಲಿಲ್ಲ. ಇದೂ ಕರ್ಟಿಸ್ ಕಲಿಸಿದ ಪಾಠವೇ ಇರಬೇಕು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಹೊಸದಾಗಿ ತಂದ ಮೈಕ್ರೋವೇವ್ ಒಲೆ ಕೆಲಸ ಮುಗಿದಾಗ ಕೂಗುತ್ತಿರಲಿಲ್ಲ. ಅಂಗಡಿಯವನು ಟೋಪಿ ಹಾಕಿದನೆಂದು ಅವಳು ಆಗಲೇ ಒಂದನ್ನು ವಾಪಸು ಕೊಟ್ಟು ಇನ್ನೊಂದನ್ನು ತಂದಿದ್ದಳು.

"ಇದೂ ಮೂಕ" ಎಂದಳು ಅವತ್ತು.

ಗಂಡ ಹಾರ್ಲನ್ ಚೀಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಮಾತು ಕಡಿಮೆ. "ಕೂಗ್ತಾ ಇದೆಯಲ್ಲೇ" ಎಂದ.

"ನನ್ನ ಕಾಲೆಳೀಬೇಡ ನೀನೊಬ್ಬ."

ಹಾರ್ಲನ್ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು ತಾನೇ ಒಲೆಯ ಬಾಗಿಲು ತೆರೆದು ತಟ್ಟೆ ಎತ್ತಿಟ್ಟ. ಇವನೂ ಏನನ್ನೋ ಬಚ್ಚಿಡುತ್ತಿದ್ದಾನೆ ಎನಿಸಿತು ಅವಳಿಗೆ. ಮೂವತ್ತಾರು ವರ್ಷ ಸಂಸಾರ ಮಾಡಿದ ಗಂಡನ ಮೇಲೂ ಗುಮಾನಿ! ಎಲ್ಲರೂ ಸೇರಿ ಮಸಲತ್ತು ಮಾಡುತ್ತಿರುವವರೇ, ತಾನೊಬ್ಬಳೇ ಹೊರಗೆ ಎಂದು ಅವಳಿಗೆ ಆ ವಾರವೆಲ್ಲ ಅನಿಸುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಬುಧವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ 'ನಸುಕಿನ ನಡಿಗೆ'ಯ ಹಾಳೆಗಳನ್ನು ಇಬ್ಬಿಬ್ಬರಿಗೆ ಒಂದರಂತೆ ಇಟ್ಟ ಸ್ಟ್ಯಾಂಡುಗಳಿಂದ ಅವಳೇ ಎತ್ತಿಕೊಂಡು ಕೂತಳು. ಮಕ್ಕಳ ಹಾಳೆಯಲ್ಲಿ ಪೆನ್ಸಿಲಿನ ಗುರುತು ಇದ್ದೇ ಇರುತ್ತದೆ. ಕಮಾನು ಮೇಲೋ ಕೆಳಗೋ, ಯಾವ ಬೆರಳು, ಇಂಥವೇ. ಕನ್ನಡಕದ ಚಿತ್ರ ಬರೆದಿದ್ದರೆ 'ಇಲ್ಲಿ ತಲೆಯೆತ್ತಿ ಟೀಚರನ್ನು ನೋಡು' ಎಂದರ್ಥ; ಲೋಕದ ಆರ್ಕೆಸ್ಟ್ರಾಗಳೆಲ್ಲ ಬರೆಯುವ ಗುರುತು ಅದು, ಈ ಮಕ್ಕಳಿಗೆ ಕಲಿಸಿದವಳು ಮಾರ್ಲಿಸ್ಸೇ. ಸ್ವರಗಳನ್ನು ಗೆರೆ ಎಳೆದು ಮನೆ ಮನೆಯಾಗಿ ವಿಂಗಡಿಸಿ, ಪ್ರತಿ ಮನೆಗೂ ಅಂಕಿ ಹಾಕಿರುತ್ತಾರೆ. ಎಂಬತ್ತೆಂಟನೇ ಮನೆಯಿಂದ ಪಿಟೀಲು ಮೇಲಕ್ಕೇರುತ್ತದೆ. ಅಲ್ಲಿ, ಆ ಎಂಬತ್ತೆಂಟನೇ ಮನೆಯ ತಲೆಯ ಮೇಲೆ, ಕನ್ನಡಕವಿರಲಿಲ್ಲ. ಒಂದು ಕಿವಿ ಇತ್ತು.

ಪುಟ್ಟದಾಗಿ, ಒಳಗಿನ ಸುರುಳಿ ಸಮೇತ ನೀಟಾಗಿ ಬರೆದ ಕಿವಿ. ಎರಡನೇ ಹಾಳೆ ನೋಡಿದಳು, ಅಲ್ಲೂ ಕಿವಿ. ಮೊದಲ ಪಿಟೀಲಿನ ಆರು ಸ್ಟ್ಯಾಂಡು, ಆರು ಹಾಳೆ, ಆರರಲ್ಲೂ ಅದೇ ಮನೆಯ ಮೇಲೆ ಕಿವಿ. ಮಾರ್ಲಿಸ್‌ಳ ಕೈ ತನಗರಿವಿಲ್ಲದೆ ಕೂದಲ ಮೇಲೆ ಹೋಯಿತು. ಸಕ್ಕರೆ ಬಟ್ಟಲು! ನಲವತ್ತೆಂಟು ವರ್ಷದ ಮೇಲೆ ಮತ್ತೆ ಅದೇ. ಮೊದಲು ರಬ್ಬರು ತೆಗೆದುಕೊಂಡು ಎರಡು ಕಿವಿ ಅಳಿಸಿದಳು. ಆಮೇಲೆ, ಸಾಕ್ಷಿಯನ್ನು ಯಾರಾದರೂ ಅಳಿಸುತ್ತಾರೆಯೇ ಎಂದು ಹೊಳೆದು ಉಳಿದ ನಾಲ್ಕನ್ನು ಬೀರುವಿಗೆ ಹಾಕಿ ಬೀಗ ಜಡಿದಳು. ಕಾರಿನಲ್ಲಿ ಕೂತ ಮೇಲೆ ಅಳು ಬಂತು. ಸಿಟ್ಟಿನ ಅಳು.

ಗುರುವಾರ ಕರ್ಟಿಸ್ ಬರುತ್ತಲೇ ಆ ಹಾಳೆಗಳನ್ನು ಅವನ ಮುಂದೆ ಹರವಿದಳು.

"ಇದೇನು?"

ಅವನ ಮುಖ ಬಿಳಿಚಿಕೊಂಡಿತು. "ಮಕ್ಕಳು... ಏನೋ ಗುರುತು."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಆದ್ರೆ ನೀವಂದುಕೊಂಡ ಹಾಗಲ್ಲ."

"ನಾನೇನಂದುಕೊಂಡೆ ಅಂತ ನಿನಗೆ ಹೇಗೆ ಗೊತ್ತು? ವಿಯೋಲಾ ಹಿಡಿಯೋದಕ್ಕೆ ಬರ್ದೇ ಇದ್ದವನಿಗೆ ಹೆಬ್ಬೆರಳು ಎಲ್ಲಿಡಬೇಕು ಅಂತ ತೋರಿಸಿದ್ದು ನಾನು ಕಣೋ. ನನ್ನ ಬೆನ್ನ ಹಿಂದೆ ಮಕ್ಕಳನ್ನು ಕಟ್ಕೊಂಡು ಆಟ ಆಡ್ತೀಯಾ?"

"ಮಿಸೆಸ್ ಗ್ರೂನ್, ದಯವಿಟ್ಟು. ಆ ಕೃತಿ ಬಿಟ್ಟುಬಿಡಿ. ಬೇರೇದು ಯಾವುದಾದ್ರೂ ಆರಿಸಿ, ನಾನು ಚಕಾರ ಎತ್ತಲ್ಲ."

"ಯಾಕೆ ಬಿಡ್ಬೇಕು?"

ಅವನು ತಲೆ ತಗ್ಗಿಸಿದ. "ನನ್ನ ಬಾಯಿಂದ ಹೇಳೋಕಾಗಲ್ಲ. ಕೇಳಲೇಬೇಕು ಅಂದ್ರೆ ಬಾವೊನ ಕೇಳಿ."

ಶುಕ್ರವಾರ ಬೆಳಿಗ್ಗೆ ಮೊದಲ ಗಂಟೆಗೆ ಮುಂಚೆ ಬಾವೊಳನ್ನು ಕರೆಸಿದಳು. ಹುಡುಗಿ ಪಿಟೀಲಿನ ಪೆಟ್ಟಿಗೆಯನ್ನು ಎದೆಗವಚಿಕೊಂಡೇ ಬಂದು ನಿಂತಳು. ಮಾರ್ಲಿಸ್ ಬಾಗಿಲು ಹಾಕಿ ಹಾಳೆ ತೋರಿಸಿದಳು.

"ಬರೆದವರು ಯಾರು?"

"ನಾನೇ, ಮಿಸೆಸ್ ಗ್ರೂನ್. ಎಲ್ಲಾದ್ರಲ್ಲೂ ನಾನೇ."

"ನನ್ನ ಕಿವಿ ಅಷ್ಟು ತಮಾಷೆಯಾಗಿ ಕಾಣುತ್ತಾ?"

ಬಾವೊಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಾಬರಿಯಾದಳು. "ಅಯ್ಯೋ, ನಿಮ್ಮ ಕಿವಿ ಅಲ್ಲ! ಕನ್ನಡಕ ಅಂದ್ರೆ ನಿಮ್ಮನ್ನು ನೋಡೋದು ಅಲ್ವಾ? ಕಿವಿ ಅಂದ್ರೆ... ಇಲ್ಲಿಂದ ನಿಮ್ಮನ್ನು ನೋಡೋದು ಬೇಡ, ಒಬ್ಬರನ್ನೊಬ್ಬರು ಕೇಳಿಸ್ಕೊಂಡು ಸರಿ ಮಾಡ್ಕೋಬೇಕು ಅಂತ."

"ನನ್ನನ್ನು ಯಾಕೆ ನೋಡ್ಬಾರದು?"

ಹುಡುಗಿ ಪೆಟ್ಟಿಗೆಯನ್ನು ಕೆಳಗಿಟ್ಟಳು. ಆಮೇಲೆ ನೆಲ ನೋಡುತ್ತ ಹೇಳಿದಳು. "ಅಕ್ಟೋಬರಲ್ಲಿ ಈ ಜಾಗದಲ್ಲಿ ನಾವೆಲ್ಲ ಒಂದು ಬೆರಳು ಆಚೆ ಹೋಗ್ಬಿಟ್ಟಿದ್ವಿ. ಇಡೀ ಸಾಲು. ಅಪಸ್ವರ ಅಂದ್ರೆ ಅಷ್ಟಿಷ್ಟಲ್ಲ. ನೀವು ಕಣ್ಣು ಮುಚ್ಕೊಂಡು, 'ಆಹಾ, ಇದೇ, ಹೀಗೇ ಇರ್ಲಿ' ಅಂದ್ರಿ."

"ಎಲ್ಲರೂ ನಕ್ಕಿರ್ಬೇಕು."

"ಇಲ್ಲ. ಯಾರೂ ನಗಲಿಲ್ಲ. ನಮಗೆ ಭಯ ಆಯ್ತು. ಮಿಸ್ಟರ್ ಹೋಲ್ಮ್‌ಗೆ ನಾವು ಹೇಳ್ಲಿಲ್ಲ. ಅವರೇ ಕಂಡುಹಿಡಿದ್ರು. ತೀರ್ಪುಗಾರರ ಮುಂದೆ ನಿಮಗೆ ಹಾಗಾಗಬಾರದು ಅಂತ ಮೇಲೆ ಹೋಗದೇ ಇರೋ ಕೃತಿಗಳನ್ನ ಹುಡುಕ್ತಾ ಇದ್ದಾರೆ."

ಮಾರ್ಲಿಸ್ ನಂಬಲಿಲ್ಲ. ನಂಬುವುದು ಅವಳ ಜಾಯಮಾನದಲ್ಲೇ ಇಲ್ಲ. ಇದೂ ಕರ್ಟಿಸ್ ಹೇಳಿಕೊಟ್ಟ ಕಥೆ ಏಕಾಗಿರಬಾರದು? ಕಿವಿ ಮಂದವಾಗಿದೆ ಎಂದು ಹೆದರಿಸಿ ಓಡಿಸಲು ಇದಕ್ಕಿಂತ ಸುಲಭದ ದಾರಿ ಬೇಕೇ?

"ಪಿಟೀಲು ತೆಗಿ" ಎಂದಳು. "ನಾನು ಗೋಡೆ ಕಡೆ ತಿರುಗಿ ನಿಲ್ತೀನಿ. ಎಂಬತ್ತೆಂಟರಿಂದ ನಾಲ್ಕು ಮನೆ ಮೂರು ಸಲ ನುಡಿಸು. ನಿನಗೆ ಬೇಕಾದ ಸಲ ತಪ್ಪು ಮಾಡು. ಯಾವುದು ತಪ್ಪು ಅಂತ ನಾನು ಹೇಳ್ತೀನಿ."

ಬಾವೊ ನುಡಿಸಿದಳು. ಮಾರ್ಲಿಸ್ ಗೋಡೆಗೆ ಹಣೆ ತಾಗುವಷ್ಟು ಹತ್ತಿರ ನಿಂತು ಮೈಯೆಲ್ಲ ಕಿವಿಯಾಗಿ ಕೇಳಿದಳು. ಕಮಾನು ತಂತಿಯ ಮೇಲೆ ಉಜ್ಜುವ ಸದ್ದು ಕೇಳುತ್ತಿತ್ತು. ಸ್ವರ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದಂತೆ ಇದೆ ಅನ್ನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಹೋದ ವರ್ಷದಿಂದ ಸಿ.ಡಿ.ಗಳೆಲ್ಲ ಮಂಕಾಗಿ ಕೇಳುತ್ತವೆಂದು ಪ್ರಕಾಶಕರನ್ನು ಬೈದದ್ದು ನೆನಪಾಯಿತು.

"ಎರಡನೇದು" ಎಂದಳು, ಊಹೆಯ ಮೇಲೆ.

"ಹೌದು! ಎರಡನೇದೇ" ಎಂದಳು ಬಾವೊ.

ಮಾರ್ಲಿಸ್ ತಿರುಗಿದಳು. ಹುಡುಗಿ ಕಮಾನಿನ ತಿರುಪನ್ನು ನೋಡುತ್ತಿದ್ದಳು. ಅಭ್ಯಾಸದ ಕಾರ್ಡಿನಲ್ಲಿ ಸುಳ್ಳು ಬರೆದ ಮಕ್ಕಳು ಮೂವತ್ತೊಂದು ವರ್ಷದಿಂದ ನೋಡುತ್ತ ಬಂದದ್ದು ಅದೇ ತಿರುಪನ್ನು. ಮನುಷ್ಯರ ಸುಳ್ಳನ್ನು ಹಿಡಿಯುವ ಶಕ್ತಿಯನ್ನು ದೇವರು ಅವಳಿಂದ ಇನ್ನೂ ಕಿತ್ತುಕೊಂಡಿರಲಿಲ್ಲ.

"ಬಾವೊ. ನಿಜ ಹೇಳು."

ಹುಡುಗಿಯ ಕಣ್ಣು ತುಂಬಿತು. "ಮೂರೂ ತಪ್ಪೇ ನುಡಿಸಿದೆ, ಮಿಸೆಸ್ ಗ್ರೂನ್."

ಗಂಟೆ ಹೊಡೆಯಿತು. ಅದು ಅವಳಿಗೆ ಚೆನ್ನಾಗಿಯೇ ಕೇಳಿಸಿತು. ದಪ್ಪ ಸದ್ದುಗಳೆಲ್ಲ ಕೇಳಿಸುತ್ತಿದ್ದವು. ಬಾವೊಳ ಭುಜ ತಟ್ಟಿ ತರಗತಿಗೆ ಕಳಿಸಿ, ಕುರ್ಚಿಯಲ್ಲಿ ಕೂತಳು. ನಾಚಿಕೆಯಾಯಿತು. ಕರ್ಟಿಸ್‌ಗೆ ಅಂದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಗದರಿಸಿಕೊಂಡು ಮುಖ ಕೆಂಪಾಗಿಸಿಕೊಂಡ ಹುಡುಗಿ ಮರುದಿನವೂ ಪಿಟೀಲು ಆಡಿಸುತ್ತಲೇ ಇದ್ದಳಲ್ಲ, ಯಾರ ಮಾನ ಕಾಯಲು?

ಮಧ್ಯಾಹ್ನ ಕರ್ಟಿಸ್ ಪಟ್ಟಿಯನ್ನು ಬರೆದೇ ತಂದಿದ್ದ. ಮೂರನೇ ಸಾಲಿನಲ್ಲಿ ಚೆಲೋದವರ ಆ ಕೃತಿ. ಅವಳು ಸಹಿ ಹಾಕಿದರೆ ಸಾಕು. ಮಕ್ಕಳು ಬಾಯಿ ಬಿಡುವುದಿಲ್ಲ, ಕರ್ಟಿಸ್ ಬಾಯಿ ಬಿಡುವುದಿಲ್ಲ, 'ಒಂದು' ಬರುತ್ತದೆ, ಮುಂದಿನ ವರ್ಷವೂ ಬರುತ್ತದೆ, ಆಮೇಲೆ ಕೇಕು ಕತ್ತರಿಸಿ, ಹೂಗುಚ್ಛ ಹಿಡಿದು ಮನೆಗೆ ಹೋಗಬಹುದು. ಹಾಗೇ ಮಾಡೋಣ ಎಂದು ಅವಳಿಗೆ ನಿಜವಾಗಿಯೂ ಅನಿಸಿತು. ಪೆನ್ನಿನ ಮುಚ್ಚಳವನ್ನೂ ತೆಗೆದಳು.

"ಬಾವೊಗೆ ಇದು ಕೊನೇ ವರ್ಷ, ಅಲ್ವಾ?" ಎಂದು ಕೇಳಿದಳು.

"ಹೌದು."

"ಅವಳು ಮೇಲೆ ಶುದ್ಧವಾಗಿ ನುಡಿಸ್ತಾಳಾ? ಸುಳ್ಳು ಹೇಳ್ಬೇಡ. ನನಗೆ ಗೊತ್ತಾಗುತ್ತೆ."

ಕರ್ಟಿಸ್ ಅವಳ ಕಣ್ಣನ್ನೇ ನೋಡಿ ಹೇಳಿದ. "ಅವಳು ನುಡಿಸ್ತಾಳೆ. ಅದನ್ನು ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಹಿಂದಿನ ಸ್ಟ್ಯಾಂಡುಗಳು ಇನ್ನೂ ಒದ್ದಾಡ್ತಿದಾವೆ."

"ನನ್ನ ಕಿವಿಗೋಸ್ಕರ ಆ ಹುಡುಗಿ ಕೆಳಗಿನ ತಂತಿಲೇ ಕೂತಿರ್ಬೇಕೇನೋ ಹಾಗಾದ್ರೆ?" ಎನ್ನುತ್ತ ಮೂರನೇ ಸಾಲಿಗೆ ಗೆರೆ ಎಳೆದು, 'ನಸುಕಿನ ನಡಿಗೆ' ಎಂದು ಬರೆದು ಸಹಿ ಹಾಕಿದಳು.

"ಮಿಸೆಸ್ ಗ್ರೂನ್, 'ಒಂದು' ಕೈತಪ್ಪಬಹುದು."

"ತಪ್ಪಲಿ. ನಿನ್ನೆ ನಿನಗೆ ಬಾಯಿಗೆ ಬಂದ ಹಾಗೆ ಅಂದೆ. ತಪ್ಪಾಯ್ತು ಕಣೋ." ಇಷ್ಟು ಹೇಳಲು ಅವಳಿಗೆ ಬಹಳ ಕಷ್ಟವಾಯಿತು. ಕರ್ಟಿಸ್ ಪಟ್ಟಿಯನ್ನು ಮಡಚತೊಡಗಿದ.

ಕೊನೆಯ ತರಗತಿಯಲ್ಲಿ ಮೂವತ್ನಾಲ್ಕು ಮಕ್ಕಳು ವಾದ್ಯ ಶ್ರುತಿ ಮಾಡಿ ಕೂತಾಗ ಮಾರ್ಲಿಸ್ ತಾಳ ಹಾಕುವ ಕಡ್ಡಿಯನ್ನು ಸ್ಟ್ಯಾಂಡಿನ ಮೇಲಿಟ್ಟಳು. "ಮೊದಲ ಪಿಟೀಲು ಮೇಲಕ್ಕೆ ಹೋದ್ರೆ ನನಗೆ ಸರಿಯಾಗಿ ಕೇಳಿಸಲ್ಲ" ಎಂದಳು. "ನಿಮಗೆ ಗೊತ್ತಿರೋ ವಿಷಯವೇ. ನನಗೆ ಇವತ್ತು ಗೊತ್ತಾಯ್ತು. ಡಾಕ್ಟರ ಹತ್ರ ಹೋಗ್ತೀನಿ. ಅದೇನಾಗುತ್ತೋ ಆಗ್ಲಿ, ಮಾರ್ಚಲ್ಲಿ ಇದನ್ನೇ ನುಡಿಸ್ತೀವಿ. ನಾನು ತಾಳ ಹಾಕ್ತೀನಿ. ಸರಿ ತಪ್ಪು ನೀವು ಹೇಳ್ಬೇಕು."

ಮೊದಲಿನಿಂದ ನುಡಿಸಿದರು. ಎಂಬತ್ತೆಂಟು ಬಂತು. ಪಿಟೀಲುಗಳು ಏರಿ ಹೋದವು, ಅವಳ ಪಾಲಿಗೆ ಮರೆಯಾದವು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತಾನು ಯಾವುದಕ್ಕೆ ತಾಳ ಹಾಕುತ್ತಿದ್ದೇನೆಂದು ತಿಳಿಯದೆ ಕೈಯಾಡಿಸಿದಳು. ಕೃತಿ ಮುಗಿಯಿತು.

"ಹೇಗಿತ್ತು?"

"ಚೆನ್ನಾಗಿತ್ತು" ಎಂದು ಯಾರೋ ಮೆಲ್ಲಗೆ ಅಂದರು. ಮಾರ್ಲಿಸ್ ಆ ಕಡೆ ನೋಡಲೂ ಇಲ್ಲ, ಕಾದಳು.

ಮೊದಲ ಪಿಟೀಲಿನ ಕಟ್ಟಕಡೆಯ ಸ್ಟ್ಯಾಂಡಿನಲ್ಲಿ ಟೆಸ್ಸಾ ಎಂಬ ಹುಡುಗಿ, ಶಾಲೆಗೆ ಹೊಸಬಳು, ಕೈಯೆತ್ತಿದಳು. "ದರಿದ್ರವಾಗಿತ್ತು, ಮಿಸೆಸ್ ಗ್ರೂನ್."

ಪಕ್ಕದವಳು ಅವಳ ಕಾಲು ತುಳಿದಳು. ಬಾವೊ ಗಕ್ಕನೆ ಹಿಂದೆ ತಿರುಗಿದಳು. ಮಾರ್ಲಿಸ್ ಟೆಸ್ಸಾಳ ಮುಖ ನೋಡಿದಳು. ಅಲ್ಲಿ ಸಂಶಯಪಡುವಂಥದ್ದು ಏನೂ ಇರಲಿಲ್ಲ.

"ಎಲ್ಲಿಂದ ಕೆಡ್ತು?"

"ತೊಂಬತ್ತೊಂದರಿಂದ."

ಮಾರ್ಲಿಸ್ ಹಾಳೆಯನ್ನು ಹಿಂದಕ್ಕೆ ಮಗುಚಿ ಕೈಯೆತ್ತಿದಳು. "ತೊಂಬತ್ತೊಂದರಿಂದ. ಮೊದಲ ಪಿಟೀಲು ಮಾತ್ರ. ಟೆಸ್ಸಾ, ನೀನು ಕೇಳಿಸ್ಕೊಂಡು ನನಗೆ ಹೇಳು."